“ಆಪರೇಷನ್ ಆಗಿದ್ಯಾ?” ಅಂದರೆ ನಿಮ್ಮ ಊರಿನ ಹೆಂಗಸರಿಗೆ ಏನು ಕೇಳಿಸುತ್ತದೆ?

ಎಲ್ಲರಿಗೂ ನಮಸ್ಕಾರ.

‘ಆಪರೇಷನ್’ ಎಂಬ ಪದದ ಬಗ್ಗೆ ಕೇಳಬೇಕಿತ್ತು. ಅದು ಹೊರಗಿನಿಂದ ಬಂದ ಪದ, ಚರ್ಚೆ ಮಾಡಲು ಏನಿದೆ ಅನ್ನಬೇಡಿ. ನಮ್ಮ ಕುಮಟಾ, ಅಂಕೋಲಾ ಕಡೆ ಈ ಪದ ಗಂಡಸರ ಬಾಯಲ್ಲಿ ಒಂದು, ಹೆಂಗಸರ ಬಾಯಲ್ಲಿ ಇನ್ನೊಂದು. ಆ ವ್ಯತ್ಯಾಸದಿಂದ ನಮ್ಮ ಮನೆಯವರೇ ಒಬ್ಬರಿಗೆ ವಿಮೆಯ ಹಣ ತಪ್ಪಿದೆ.

ಅಂಕೋಲೆಯಲ್ಲಿರುವ ನಮ್ಮ ಅತ್ತಿಗೆಗೆ ಹೋದ ಮಳೆಗಾಲದಲ್ಲಿ ಜೋರು ಹೊಟ್ಟೆನೋವು ಬಂತು. ವಾಂತಿ ನಿಲ್ಲಲೇ ಇಲ್ಲ. ಕರುಳು ಅಂಟಿಕೊಂಡಿದೆ ಅಂದರು ಡಾಕ್ಟರು. ಹೊಟ್ಟೆಯೊಳಗೆ ಹಿಂದೆ ಏನಾದರೂ ಕೊಯ್ದಿದ್ದರೆ, ಆ ಗಾಯ ಮಾಯುವಾಗ ಕರುಳು ಅಲ್ಲಿಗೇ ಅಂಟಿಕೊಳ್ಳುವುದುಂಟು. ಎಷ್ಟೋ ವರ್ಷದ ಮೇಲೂ ಅದು ತೊಂದರೆ ಕೊಡಬಹುದು. ಅತ್ತಿಗೆಯ ಗರ್ಭಕೋಶ ತೆಗೆದು ಆಗ ಒಂಬತ್ತು ವರ್ಷ ಆಗಿತ್ತು. ಆರೋಗ್ಯ ವಿಮೆ ಮಾಡಿಸಿ ಎರಡು ವರ್ಷ. ವಿಮೆ ಮಾಡಿಸುವಾಗ ಫೋನಿನಲ್ಲಿ ಒಬ್ಬರು “ಆಪರೇಷನ್ ಏನಾದ್ರೂ ಆಗಿದ್ಯಾ ಮೇಡಂ?” ಅಂತ ಕೇಳಿದ್ದರಂತೆ. ಇವಳು “ಇಲ್ಲ” ಅಂದಿದ್ದಾಳೆ. ಈಗ ಕಂಪನಿಯವರು ‘ಹಿಂದಿನ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಟ್ಟಿದ್ದೀರಿ’ ಅಂತ ಪತ್ರ ಕಳಿಸಿದ್ದಾರೆ.

“ಯಾಕೆ ಇಲ್ಲ ಅಂದೆ ಅತ್ತಿಗೆ?” ಅಂತ ಕೇಳಿದೆ.

“ಆಪ್ರೇಶನ್ ಎಲ್ಲಿ ಆಗಿದೆ ತಂಗಿ ನಂಗೆ? ಎರಡು ಮಕ್ಕಳಾದ್ಮೇಲೆ ಮಾಡಿಸ್ಕೊ ಅಂದ್ರು, ನಾ ಮಾಡಿಸ್ಕೊಳ್ಳಲಿಲ್ಲ. ಆಮೇಲೆ ಚೀಲನೇ ತೆಗೆದ್ರಲ್ಲ. ಇನ್ನೆಂಥ ಆಪ್ರೇಶನ್?”

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವಳ ಕನ್ನಡದಲ್ಲಿ ಅವಳು ಸರಿಯಾದ ಉತ್ತರವನ್ನೇ ಕೊಟ್ಟಿದ್ದಾಳೆ.

ನಾನು ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ಸಾಲದ ಅರ್ಜಿ ಇರಲಿ, ವಿಮೆಯ ಅರ್ಜಿ ಇರಲಿ, ತುಂಬಿಕೊಡಿ ಅಂತ ಜನ ನನ್ನ ಮೇಜಿಗೇ ಬರುತ್ತಾರೆ. ಅತ್ತಿಗೆಯ ವಿಷಯ ಆದಮೇಲೆ ನಾನು ಈ ಪ್ರಶ್ನೆಗೆ ಬರುವ ಉತ್ತರಗಳನ್ನು ಕಿವಿಗೊಟ್ಟು ಕೇಳತೊಡಗಿದೆ. ಗಂಡಸರು ತಕ್ಷಣ ಹೇಳುತ್ತಾರೆ: ಹರ್ನಿಯಾದ್ದು ಆಗಿದೆ, ಅಪೆಂಡಿಕ್ಸ್ ಆಗಿದೆ, ಕಾಲಿಗೆ ರಾಡ್ ಹಾಕಿದ್ದಾರೆ. ಒಬ್ಬರು ಅಂಗಿ ಎತ್ತಿ ಗುರುತನ್ನೇ ತೋರಿಸಿದರು. ಹೆಂಗಸರು ದನಿ ತಗ್ಗಿಸುತ್ತಾರೆ. “ಆಗಿದೆ, ಎರಡನೆಯವನು ಆದ ಮೇಲೆ.” ಮೊನ್ನೆ ಒಬ್ಬರು ಹೇಳಿದರು: “ಸಣ್ಣವಳು ಹುಟ್ಟುವಾಗ್ಲೇ ಒಟ್ಟಿಗೇ ಮಾಡಿದ್ರು.” ಎರಡು ಸಲ ಬಿಡಿಸಿ ಕೇಳಿದ ಮೇಲೆ ತಿಳಿದದ್ದು, ಅವರದ್ದು ಸಿಸೇರಿಯನ್ ಹೆರಿಗೆ. ಅದೇ ಹೊತ್ತಿಗೆ ಮಕ್ಕಳಾಗದ ಹಾಗೆ ಆಪರೇಷನ್ನೂ ಮಾಡಿದ್ದಾರೆ. ಅವರ ಲೆಕ್ಕದಲ್ಲಿ ಎರಡನೆಯದು ಮಾತ್ರ ಆಪರೇಷನ್. ಮೊದಲಿನದು ಹೆರಿಗೆ, ಅಷ್ಟೇ.

ಹೀಗೆ ನಮ್ಮಲ್ಲಿ ಹೆಂಗಸಿನ ವಿಷಯದಲ್ಲಿ ಬರೀ ‘ಆಪರೇಷನ್’ ಅಂದರೆ ಮಕ್ಕಳಾಗದಂತೆ ಮಾಡುವ ಆಪರೇಷನ್. ಬೇರೆ ಯಾವುದೇ ಆದರೂ ಮುಂದೆ ಅಂಗದ ಹೆಸರೋ ಕಾಯಿಲೆಯ ಹೆಸರೋ ಬೇಕು: ಕಣ್ಣಿನ ಆಪರೇಷನ್, ಕಲ್ಲಿನ ಆಪರೇಷನ್. ಗಂಡಸು ಅದೇ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡರೆ ‘ಗಂಡಸರ ಆಪರೇಷನ್’ ಅಂತ ಬಿಡಿಸಿ ಹೇಳಬೇಕಾಗುತ್ತದೆ. ಹೆಣ್ಣು ಡಾಕ್ಟರನ್ನು ಮಾತ್ರ ‘ಲೇಡಿ ಡಾಕ್ಟರ್’ ಅನ್ನುತ್ತೇವೆ, ಗಂಡಾದರೆ ಸುಮ್ನೆ ‘ಡಾಕ್ಟರ್’ ಅಲ್ವಾ? ಇಲ್ಲಿ ಅದು ತಿರುವುಮುರುವಾಗಿದೆ.

ವಿಭಕ್ತಿಯಲ್ಲೂ ಒಂದು ವ್ಯತ್ಯಾಸ ಇದೆ ಅಂತ ನನ್ನ ಕಿವಿಗೆ ಅನಿಸುತ್ತದೆ. ‘ಅವಳಿಗೆ ಆಪರೇಷನ್ ಆಯ್ತು’ ಅಂದರೆ ಏನೋ ಕಾಯಿಲೆಗೆ ಆಯಿತು. ‘ಅವಳದ್ದು ಆಪರೇಷನ್ ಆಗಿದೆ’ ಅಂದರೆ ಇನ್ನು ಮಕ್ಕಳಿಲ್ಲ. ತಪ್ಪಿದ್ದರೆ ತಿದ್ದಿ.

ಈ ಅರ್ಥ ಯಾಕೆ ಗಟ್ಟಿಯಾಯಿತು ಅನ್ನಲು ಅಂಕಿಗಳೇ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದುವೆಯಾದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 37.9ರಷ್ಟು ಜನರಿಗೆ ಈ ಆಪರೇಷನ್ ಆಗಿದೆ. ಗಂಡಂದಿರು ಮಾಡಿಸಿಕೊಂಡದ್ದು ಶೇ. 0.3. ಕರ್ನಾಟಕದಲ್ಲಂತೂ ಹೆಂಗಸರದ್ದು ಅರ್ಧಕ್ಕಿಂತ ಜಾಸ್ತಿ. ಮೊದಲಿನಿಂದ ಹೀಗೇ ಇರಲಿಲ್ಲ. ತುರ್ತುಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಇಂಥ ಆಪರೇಷನ್ ಆದವು, ಅದರಲ್ಲಿ ಹೆಚ್ಚಿನವು ಗಂಡಸರದ್ದು. ಆಗಿನ ಬಲವಂತದಿಂದ ಜನ ರೋಸಿಹೋದರು. ಆಮೇಲೆ ಆ ಭಾರ ಪೂರ್ತಿ ಹೆಂಗಸರ ಮೇಲೆ ಬಿತ್ತು. ಗಂಡಸರದ್ದು ಸಣ್ಣ ಕೆಲಸ. ಅಷ್ಟು ಜಾಗ ಮರಗಟ್ಟಿಸಿ ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಫಲ ಕೊಡಲು ಮೂರು ತಿಂಗಳು ಕಾಯಬೇಕು, ಅಷ್ಟೇ. ಹೆಂಗಸರದ್ದು ಹೊಟ್ಟೆ ಕೊಯ್ದು ಒಳಗೆ ಹೋಗಬೇಕಾದದ್ದು. ಆದರೂ ಆ ಪದ ಇವತ್ತು ಯಾರದ್ದಾಗಿದೆ ನೋಡಿ.

ನನ್ನ ಅಜ್ಜ ‘ಶಸ್ತ್ರಕ್ರಿಯೆ’ ಅನ್ನುತ್ತಿದ್ದರು. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತಲ್ಲ, ಮರಾಠಿಯಿಂದ ಬಂದ ರೂಢಿ ಇರಬಹುದು. ಈಗ ಅರ್ಜಿಯಲ್ಲಿ ‘ಶಸ್ತ್ರಚಿಕಿತ್ಸೆ’ ಅಂತ ಇರುತ್ತದೆ. ಅದನ್ನು ಓದಿ ಹೇಳುವವರು ಜನರಿಗೆ ತಿಳಿಯಲಿ ಅಂತ ‘ಆಪರೇಷನ್’ ಮಾಡುತ್ತಾರೆ. ಅಲ್ಲಿಗೆ ಅರ್ಥ ಕೆಟ್ಟಿತು.

ಇನ್ನು ‘ಚೀಲ’. ಗರ್ಭಚೀಲದ ಗರ್ಭ ಬಿಟ್ಟು ಬರೀ ಚೀಲ ಉಳಿದಿದೆ. ಅಕ್ಕಿ ಚೀಲಕ್ಕೂ ಅದೇ ಪದ. ‘ಚೀಲ ತೆಗೆಸಿದೆ’ ಅನ್ನುವುದು ‘ಹಲ್ಲು ತೆಗೆಸಿದೆ’ ಅಂದ ಹಾಗೆಯೇ. ಹಲ್ಲು ತೆಗೆಸಿದ್ದನ್ನು ಯಾರೂ ಆಪರೇಷನ್ ಅನ್ನುವುದಿಲ್ಲ. ಉಪಯೋಗ ಮುಗಿದ ಚೀಲ, ತೆಗೆಸಿದರಾಯಿತು ಅನ್ನುವ ಭಾವ ಈ ಮಾತಿನಲ್ಲೇ ಬಂದುಬಿಡುತ್ತದೆ. ಅದು ನನಗೆ ತುಂಬ ಸಂಕಟದ ವಿಷಯ. ಇನ್ನೂ ಒಂದಿದೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಮರುದಿನದಿಂದಲೇ ಶುರುವಾಗಬಹುದು, ಮೂಳೆ ಬೇಗ ಸವೆಯುತ್ತದೆ. ಅಂಡಾಶಯ ಉಳಿಸಿದ್ದರೆ ಹಾಗಲ್ಲ. ‘ಚೀಲ ತೆಗೆಸಿದೆ’ ಅನ್ನುವ ಮಾತು ಇದನ್ನು ಹೇಳುವುದೇ ಇಲ್ಲ. ಅತ್ತಿಗೆಗೆ ಇವತ್ತಿಗೂ ತನ್ನ ಅಂಡಾಶಯ ಇದೆಯೋ ಇಲ್ಲವೋ ಗೊತ್ತಿಲ್ಲ. ಅಂಡಾಶಯಕ್ಕೆ ಅವಳ ಮಾತಿನಲ್ಲಿ ಪದವೇ ಇಲ್ಲ. ಹಾಗಾಗಿ ಡಾಕ್ಟರನ್ನು ಕೇಳಲೂ ಇಲ್ಲ.

ಸಮೀಕ್ಷೆ ಮಾಡುವವರಿಗೆ ಇದು ಗೊತ್ತಾಗಿದೆ. 2015–16ರ ಸಮೀಕ್ಷೆಯಲ್ಲಿ ಗರ್ಭಕೋಶ ತೆಗೆಸಿದ್ದೀರಾ ಅಂತ ಮೊದಲ ಸಲ ಬೇರೆಯಾಗಿಯೇ ಕೇಳಿದರು. ವಿಮೆಯವರಿಗೂ ಹಣದ ಲೆಕ್ಕದಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಚೆನ್ನಾಗಿ ಗೊತ್ತು. ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆ ಅಂತ ಜೀವವಿಮೆಯ ಕಂತು ಅವರಿಗೆ ಕಡಿಮೆ ಇಡುವುದುಂಟು. ಯುರೋಪಿನಲ್ಲಿ ಈ ಬಗೆಯ ಭೇದ ಕೂಡದು ಅಂತ 2011ರಲ್ಲಿ ಅಲ್ಲಿನ ಕೋರ್ಟು ತೀರ್ಪು ಕೊಟ್ಟು, 2012ರ ಡಿಸೆಂಬರ್ 21ರಿಂದ ಹೊಸ ಪಾಲಿಸಿಗಳಿಗೆ ಗಂಡು ಹೆಣ್ಣೆಂಬ ಕಾರಣಕ್ಕೆ ಕಂತು ಬದಲಾಗುವುದು ನಿಂತಿತು. ಇಷ್ಟು ಸೂಕ್ಷ್ಮ ಲೆಕ್ಕ ಬಲ್ಲವರು ಕನ್ನಡದಲ್ಲಿ ಪ್ರಶ್ನೆ ಕೇಳುವಾಗ ಮಾತ್ರ ಇಬ್ಬರಿಗೂ ಒಂದೇ ಪದ ಎಸೆಯುತ್ತಾರೆ.

‘ಕಾಯಿಲೆ’ ಎಂಬ ಪದವೂ ಹೀಗೇ. “ಕಾಯಿಲೆ ಏನಾದ್ರೂ ಇದ್ಯಾ?” ಅಂದರೆ ಹೆಂಗಸರು “ಎಂಥ ಇಲ್ಲ, ಸ್ವಲ್ಪ ರಕ್ತ ಕಡಿಮೆ, ಸುಸ್ತು” ಅನ್ನುತ್ತಾರೆ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇದೆ, ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ನೂರರಲ್ಲಿ ಐವತ್ತೇಳು ಜನರಿಗೆ ಇರುವುದು ಅವರಿಗೆ ಕಾಯಿಲೆ ಅಂತಲೇ ಅನಿಸುವುದಿಲ್ಲ. ಹಾಸಿಗೆ ಹಿಡಿದರೆ ಮಾತ್ರ ಕಾಯಿಲೆ.

ಸರಿ, ಹಾಗಾದರೆ ಹೇಗೆ ಕೇಳಬೇಕು? ನಮ್ಮ ಸಂಘದ ಹಿರಿಯರೊಬ್ಬರು ‘ಹೊಲಿಗೆ’ ಅಂತ ಕೇಳು ಅಂದರು. “ಮೈಮೇಲೆ ಎಲ್ಲಾದ್ರೂ ಹೊಲಿಗೆ ಹಾಕಿದ್ದಾರಾ?” ಒಳ್ಳೆಯ ಪದ, ಎಲ್ಲರಿಗೂ ತಿಳಿಯುತ್ತದೆ. ಸಿಸೇರಿಯನ್ ತಕ್ಷಣ ಹೊರಗೆ ಬರುತ್ತದೆ. ಆದರೆ ಕೆಲವರ ಗರ್ಭಕೋಶವನ್ನು ಹೊಟ್ಟೆ ಕೊಯ್ಯದೆ ತೆಗೆದಿರುತ್ತಾರೆ. ‘ಕೆಳಗಿನಿಂದ ತೆಗೆದದ್ದು’ ಅನ್ನುತ್ತಾರೆ ನಮ್ಮಲ್ಲಿ. ಅವರ ಹೊಟ್ಟೆಯ ಮೇಲೆ ಹೊಲಿಗೆ ಇರುವುದಿಲ್ಲ, ಮತ್ತೆ ‘ಇಲ್ಲ’ ಅಂತಲೇ ಉತ್ತರ ಬರುತ್ತದೆ. ಜೊತೆಗೆ ಕತ್ತಿ ತಾಗಿ ಕಾಲಿಗೆ ನಾಲ್ಕು ಹೊಲಿಗೆ ಬಿದ್ದವರೆಲ್ಲ ‘ಹೌದು’ ಅನ್ನುತ್ತಾರೆ.

ಈಗ ನಾನು ಹೀಗೆ ಕೇಳುತ್ತಿದ್ದೇನೆ: “ಬೆನ್ನಿಗೆ ಸೂಜಿ ಕೊಟ್ಟು, ಇಲ್ಲಾ ಮತ್ತು ಬರಿಸಿ, ಯಾವತ್ತಾದ್ರೂ ಏನಾದ್ರೂ ಮಾಡಿದ್ದಾರಾ?” ಬೆನ್ನಿನ ಸೂಜಿಯನ್ನು ಯಾವ ಹೆಂಗಸೂ ಮರೆತಿಲ್ಲ. ಸೊಂಟನೋವು ಶುರುವಾದದ್ದೇ ಅದರಿಂದ ಅಂತ ಎಷ್ಟೋ ಜನ ನಂಬಿದ್ದಾರೆ. ಈ ಪ್ರಶ್ನೆಗೆ ಹೆರಿಗೆ, ಚೀಲ, ಗಡ್ಡೆ, ಎಲ್ಲವೂ ಒಂದೊಂದಾಗಿ ಬರುತ್ತವೆ. ಮರಗಟ್ಟಿಸಿ ಮಾಡಿದ ಸಣ್ಣಪುಟ್ಟದ್ದು ತಪ್ಪಿಹೋಗುತ್ತದೆ ಅನ್ನುವುದೊಂದೇ ಕೊರತೆ.

ಅತ್ತಿಗೆಯ ಪರವಾಗಿ ಕಂಪನಿಗೆ ದೂರು ಬರೆದಾಗಿದೆ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ, ಅಂದರೆ ವಿಮೆಯ ದೂರುಗಳನ್ನು ಕೇಳಿ ತೀರ್ಮಾನ ಮಾಡುವ ಅಧಿಕಾರಿಗೆ, ಹೋಗಬೇಕು. ಅದಕ್ಕೆ ಶುಲ್ಕ ಇಲ್ಲ. 2024ರ ನಿಯಮದ ಪ್ರಕಾರ ಪಾಲಿಸಿ ಸತತ 60 ತಿಂಗಳು ನಡೆದಿದ್ದರೆ, ವಂಚನೆ ಅಂತ ಸಾಬೀತಾಗದ ಹೊರತು ‘ಮುಚ್ಚಿಟ್ಟಿರಿ’ ಅಂತ ಹಣ ತಡೆಯುವ ಹಾಗಿಲ್ಲ. ಅತ್ತಿಗೆಯದ್ದು ಅಷ್ಟು ಹಳೆಯದಲ್ಲ. ಹಾಗಾಗಿ ಅವಳು ಮುಚ್ಚಿಡಲಿಲ್ಲ, ಪದಕ್ಕೆ ಅವಳಲ್ಲಿ ಇರುವ ಅರ್ಥವೇ ಬೇರೆ ಅಂತ ಒಂಬುಡ್ಸ್‌ಮನ್‌ಗೆ ತೋರಿಸಿಕೊಡಬೇಕು.

ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ನಿಮ್ಮ ಮನೆಯ, ನೆರೆಮನೆಯ ಹೆಂಗಸರನ್ನು “ಆಪರೇಷನ್ ಆಗಿದ್ಯಾ?” ಅಂತ ಒಮ್ಮೆ ಕೇಳಿ ನೋಡಿ. ಬಂದ ಉತ್ತರವನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯಿರಿ. ಹೆಸರು ಬೇಡ, ಊರು, ತಾಲೂಕು ಸಾಕು. ಶಿರಸಿ, ಸಿದ್ದಾಪುರದ ಹವ್ಯಕರ ಮನೆಮಾತಿನಲ್ಲಿ ಗರ್ಭಕೋಶ ತೆಗೆಸುವುದಕ್ಕೆ ಏನನ್ನುತ್ತೀರಿ? ಕಾರವಾರದ ಕಡೆ ಕೊಂಕಣಿ ಆಡುವವರು ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತಾರೆ? ಹುಬ್ಬಳ್ಳಿ, ಮೈಸೂರು ಕಡೆಯವರೂ ಬರೆಯಿರಿ. ಅಂಡಾಶಯಕ್ಕೆ ಯಾರ ಮನೆಯಲ್ಲಾದರೂ ಬಳಕೆಯಲ್ಲಿರುವ ಪದ ಇದ್ದರೆ ಅದನ್ನು ಖಂಡಿತ ತಿಳಿಸಿ. ಈ ತಿಂಗಳ ಕೊನೆಯೊಳಗೆ ಸಿಕ್ಕರೆ ಅರ್ಜಿಯ ಜೊತೆ ಇಡುತ್ತೇನೆ.