"ನಾವು ಲೀಗಲ್ ಆಗಿ ಬಂದವರು, ನಮಗೇನು?" ಅನ್ನೋರಿಗೆ

ಅಮೆರಿಕದ ಡಲ್ಲಾಸ್ ಘಟನೆ ಆದಮೇಲೆ, ಅಕ್ರಮವಾಗಿ ಬಂದವರನ್ನೆಲ್ಲ ಹೊರಗೆ ಹಾಕಲಿ, ಲೀಗಲ್ ಆಗಿ ಬಂದ ನಮಗೇನೂ ಆಗಲ್ಲ ಅಂತ ಇಲ್ಲಿನ ನಮ್ಮ ಕನ್ನಡಿಗರ ಗುಂಪಿನಲ್ಲಿ ಬರೆದಿರೋದನ್ನೆಲ್ಲ ಓದಿದೆ. 2025ರ ಸೆಪ್ಟೆಂಬರ್ 10ರಂದು, ಮೋಟೆಲ್ ನೋಡಿಕೊಳ್ತಿದ್ದ ನಮ್ಮ ಕರ್ನಾಟಕದವರೊಬ್ಬರ ಕೊಲೆ ಹೆಂಡತಿ, ಮಗನ ಕಣ್ಣೆದುರೇ ಆಯ್ತು. ಆರೋಪಿ ಕ್ಯೂಬಾದವನು. ಇಮಿಗ್ರೇಷನ್ ಕಸ್ಟಡಿಯಲ್ಲಿದ್ದವನನ್ನ, ಕ್ಯೂಬಾ ವಾಪಸ್ ಕರೆಸಿಕೊಳ್ಳಲ್ಲ ಅಂದಿದ್ದಕ್ಕೆ, ಆ ವರ್ಷ ಜನವರಿಯಲ್ಲಿ ಹೊರಗೆ ಬಿಟ್ಟಿದ್ರು. ಹೊಟ್ಟೆ ಉರಿಯೋದು ಸಹಜ. ಗಡಿ ಬಿಗಿ ಆಗಬೇಕು ಅನ್ನೋದೂ ತಪ್ಪಲ್ಲ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮೆಕ್ಸಿಕೋ ಗಡಿಯಲ್ಲಿ ಸುಮಾರು 2.5 ಲಕ್ಷ ಸಲ ಜನರನ್ನ ಹಿಡಿದಿದ್ದಾರೆ. ಗ್ರೀನ್ ಕಾರ್ಡ್ ಕ್ಯೂನಲ್ಲೇ ಕೂದಲು ಬೆಳ್ಳಗಾಗ್ತಿರೋ ನಮಗೆ ಅದನ್ನ ನೋಡಿ ಮೈ ಉರಿಯದೆ ಇರುತ್ತಾ?

ಆದರೆ ಗಡಿ ಕಾಯೋದು ಬೇರೆ, ಗಡಿ ಹೆಸರಲ್ಲಿ ಬಾಯಿಗೆ ಬಂದ ಹಾಗೆ ಮಾತಾಡೋದು ಬೇರೆ. ಅದೇ ಡಿಸೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಟ್ರಂಪ್, ವಲಸಿಗರು ದೇಶದ ರಕ್ತಕ್ಕೇ ವಿಷ ಹಾಕ್ತಿದ್ದಾರೆ ಅಂದರು. ಆಫ್ರಿಕಾದಿಂದ, ಏಷ್ಯಾದಿಂದ ಬರ್ತಿದ್ದಾರೆ ಅಂತಲೂ ಸೇರಿಸಿದರು. ಏಷ್ಯಾ ಅಂದಾಗ, ಪಾಸ್‌ಪೋರ್ಟಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಮುದ್ರೆ ಇದೆ ಅಂತ ನೋಡಿ ನಮ್ಮನ್ನ ಆ ಮಾತಿಂದ ಹೊರಗಿಟ್ಟಿರಲಿಲ್ಲ.

ಒಹಾಯೋದ ಸ್ಪ್ರಿಂಗ್‌ಫೀಲ್ಡ್ ನೆನಪಿದೆಯಲ್ಲ. 2024ರ ಸೆಪ್ಟೆಂಬರ್‌ನ ಅಧ್ಯಕ್ಷೀಯ ಡಿಬೇಟ್‌ನಲ್ಲಿ, ಹೈಟಿಯಿಂದ ಬಂದವರು ಅಲ್ಲಿ ಜನರ ನಾಯಿ ಬೆಕ್ಕು ತಿಂತಿದ್ದಾರೆ ಅನ್ನೋ ಮಾತು ಟ್ರಂಪ್ ಬಾಯಿಂದ ಬಂತು. ಆ ಹೈಟಿಯವರಲ್ಲಿ ಹೆಚ್ಚಿನವರು ಕಾನೂನುಬದ್ಧವಾಗೇ ಇದ್ದವರು. ಟ್ರಂಪ್ ಪಕ್ಷದವರೇ ಆದ ಒಹಾಯೋ ಗವರ್ನರ್ ಡಿವೈನ್ ಸುಳ್ಳು ಅಂತ ಹೇಳಿದರೂ ಊರಿಗೆ ಬಾಂಬ್ ಬೆದರಿಕೆ ಬಂದವು, ಶಾಲೆ ಖಾಲಿ ಮಾಡಿಸಬೇಕಾಯ್ತು. ಪೇಪರ್ ಸರಿ ಇದ್ದು ಏನು ಬಂತು?

ನಮ್ಮ ಬುಡಕ್ಕೂ ಬಂತು. ಇಲ್ಲಿ ಹುಟ್ಟಿದ ಮಗುವಿಗೆ ತಾನಾಗೇ ಸಿಗೋ ಪೌರತ್ವ ನಿಲ್ಲಿಸೋ ಮಾತಲ್ಲಿ, ಟ್ರಂಪ್ ಪ್ರಚಾರದಲ್ಲಿ ಕೇಳಿಸಿದ್ದು "ಅಕ್ರಮ ವಲಸಿಗರ ಮಕ್ಕಳು" ಅಂತ. 2025ರ ಜನವರಿ 20ರ ಟ್ರಂಪ್ ಆದೇಶ ತೆಗೆದು ನೋಡಿ: ತಾಯಿ ಎಚ್-1ಬಿ, ಎಚ್-4 (ಎಚ್-1ಬಿಯವರ ಗಂಡ/ಹೆಂಡತಿ, ಮಕ್ಕಳ ವೀಸಾ), ಸ್ಟೂಡೆಂಟ್ ವೀಸಾ ತರದ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಹೋಲ್ಡರ್ ಅಲ್ಲದಿದ್ದರೆ, ಹುಟ್ಟೋ ಮಗುವಿಗೂ ಪೌರತ್ವ ಇಲ್ಲ. ಮೂರೇ ದಿನಕ್ಕೆ ಸಿಯಾಟಲ್‌ನ ಜಡ್ಜ್ ತಡೆ ಕೊಟ್ಟರು, ನಿಜ. ಆ ಮೂರು ದಿನ ಬಸುರಿ ಹೆಂಗಸರಿದ್ದ ಮನೆಗಳಲ್ಲಿ ಏನು ಓಡ್ತಿತ್ತು ಅಂತ ಇಲ್ಲಿ ಕೆಲವರಿಗಾದರೂ ಗೊತ್ತು.

ನನಗೆ ಇದಕ್ಕಿಂತ ಕಸಿವಿಸಿ ಆಗೋದು ನಮ್ಮ ಊಟದ ಮೇಜಿನ ಮಾತು. ಪರಿಚಯದ ಮನೆಯೊಂದರ ಹುಡುಗ, ಥರ್ಡ್ ಗ್ರೇಡ್. ಪಾಟ್‌ಲಕ್‌ನಲ್ಲಿ ದೊಡ್ಡವರು ಬಿಸಿಬೇಳೆಬಾತ್ ಬಡಿಸಿಕೊಳ್ತಾ "ಇವರನ್ನೆಲ್ಲ ಎತ್ತಿ ಪ್ಲೇನ್ ಹತ್ತಿಸಬೇಕು" ಅಂದಿದ್ದನ್ನ ಕೇಳಿಸಿಕೊಂಡು, ಸೋಮವಾರ ಬಸ್ಸಲ್ಲಿ ಹೊಂಡುರಾಸ್ ಮೂಲದ ಗೆಳೆಯನಿಗೆ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಿದ. ಆ ಮಗು ಎರಡು ದಿನ ಶಾಲೆಗೆ ಬರಲಿಲ್ಲ. ಇವನಿಗೆ ಯಾಕೆ ಅಂತಲೇ ಅರ್ಥ ಆಗಲಿಲ್ಲ; ಮನೇಲಿ ಎಲ್ಲರೂ ನಕ್ಕಿದ್ದ ಮಾತು ತಾನೇ ಅದು!

ಅದಾಗಿ ಪ್ಲೇನ್ ಹತ್ತಿಸಿದ್ದು ನಮ್ಮವರನ್ನೂ. 2025ರ ಫೆಬ್ರವರಿ 5ಕ್ಕೆ ಅಮೃತಸರದಲ್ಲಿಳಿದ ಸೇನಾ ವಿಮಾನದಲ್ಲಿ 104 ಭಾರತೀಯರು ಬಂದಿದ್ದು ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿಸಿಕೊಂಡು. ವೀಸಾ ಇಲ್ಲದೆ ಬಂದಿದ್ದು ಅವರ ತಪ್ಪೇ ಇರಬಹುದು. ಆದರೂ ಆ ವಿಡಿಯೋನ ಮಕ್ಕಳೆದುರು ಹಾಕಿ "ಸರಿಯಾಗೇ ಆಯ್ತು" ಅನ್ನೋರನ್ನ ನೋಡಿ ನನಗೆ ಉತ್ತರ ಹೊಳೆಯಲಿಲ್ಲ.

"ಮಕ್ಕಳಿಗೆ ಏನು ಹೇಳೋದು?" ಅಂತ ಒಬ್ಬರು ಕೇಳಿದ್ದಾರೆ. ಸಣ್ಣವರಿಗೆ, ನಮ್ಮ ಮನೆಯವರ ವೀಸಾ ಸ್ಥಿತಿ ಏನು ಅಂತ ಇದ್ದ ಹಾಗೆ ಹೇಳಿ. ಮುಚ್ಚಿಟ್ಟರೆ ಬಸ್ಸಲ್ಲಿ ಇನ್ನೇನೋ ಕಲೀತಾರೆ. ಹೈಸ್ಕೂಲ್ ಮಕ್ಕಳಿಗೆ ವಾಂಗ್ ಕಿಮ್ ಆರ್ಕ್ ಕಥೆ ಹೇಳಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅಡುಗೆಯವನು. ಚೀನಾಗೆ ಹೋಗಿ ಬಂದಾಗ ನೀನು ಇಲ್ಲಿಯವನಲ್ಲ ಅಂತ ಬಂದರಲ್ಲೇ ತಡೆದರು. ಸುಪ್ರೀಂ ಕೋರ್ಟ್‌ವರೆಗೂ ಕೇಸು ನಡೆದು, ಇಲ್ಲಿ ಹುಟ್ಟಿದ ತಾನು ಇಲ್ಲಿಯ ಸಿಟಿಜನ್ನೇ ಅಂತ 1898ರಲ್ಲಿ ಗೆದ್ದ.

ಇನ್ನೊಂದು: 18 ತುಂಬಿದ ಎಚ್-4 ಮಕ್ಕಳಿದ್ದರೆ ಐ-94ರ (ದೇಶದೊಳಗೆ ಬಂದ ದಾಖಲೆ) ಪ್ರಿಂಟ್ ಪರ್ಸಿನಲ್ಲಿ ಇರಲಿ. ದಾಖಲೆ ಜೊತೆಗಿಟ್ಟುಕೊಳ್ಳಬೇಕು ಅನ್ನೋ ನಿಯಮ ಹಳೇದೇ, 2025ರ ಏಪ್ರಿಲ್‌ನಿಂದ ಗಟ್ಟಿಯಾಗಿ ಜಾರಿ ಮಾಡ್ತೀವಿ ಅಂದಿದ್ದಾರೆ. ಕಾಲೇಜಿಗೆ ಬೇರೆ ಊರಿಗೆ ಹೋಗಿರೋರಿಗೆ ಇವತ್ತೇ ಕಳಿಸಿ.