ಬಿತ್ತನೆ ಯಂತ್ರ ಬಂದದ್ದು 1701ರಲ್ಲಾ? ಹಾಗಾದರೆ ನಮ್ಮ ಕೂರಿಗೆ?

ಮದ್ದೂರಿನವನು:
ಮಗಳು ಕೃಷಿ ಎಂಜಿನಿಯರಿಂಗ್ ಎರಡನೇ ವರ್ಷ. ಈ ವಿಷಯದ ಮೈಲಿಗಲ್ಲುಗಳು ಅಂತ ಒಂದು ಚಾರ್ಟ್ ಮಾಡಿಕೊಂಡು ಬರಲು ಹೇಳಿದ್ದಾರೆ. 1701, ಜೆಥ್ರೊ ಟಲ್, ಬಿತ್ತನೆ ಯಂತ್ರ. 1831, ಮೆಕಾರ್ಮಿಕ್, ಕೊಯ್ಲು ಯಂತ್ರ. 1837, ಜಾನ್ ಡೀರ್, ಉಕ್ಕಿನ ನೇಗಿಲು. ಹೀಗೇ ಬರೆಯುತ್ತಾ ಹೋಗಿದ್ದಾಳೆ. ಜಗುಲಿಯಲ್ಲಿ ಕೂತಿದ್ದ ನಮ್ಮಪ್ಪ ಮೊದಲನೇ ಸಾಲು ಕೇಳಿಸಿಕೊಂಡು, "ಏನವ್ವ, ಅವನು ಬರೋಗಂಟ ನಾವು ರಾಗಿನ ಎರಚ್ಕೊಂಡಿದ್ವಾ? ಕೂರಿಗೆ ಇರ್ಲಿಲ್ವಾ?" ಅಂದುಬಿಟ್ಟರು. ಕೂರಿಗೆಯೇ ಮೊದಲು ಅಂತ ಬರೆದರೆ ಮೇಷ್ಟ್ರು ಒಪ್ಪುತ್ತಾರಾ, ಇಲ್ಲ ವಾಟ್ಸ್ಯಾಪ್ ಮಾತು ಅಂತ ನಗುತ್ತಾರಾ?

ನಾಗಮಂಗಲದ ಹೊಲ:
ನಿಮ್ಮಪ್ಪ ಸರಿಯಾಗಿಯೇ ಕೇಳಿದ್ದಾರೆ. ಕೂರಿಗೆ ನೋಡದವರಿಗೆ ಹೇಳ್ತೀನಿ. ಮೇಲೆ ಮರದ ಬಟ್ಟಲು, ಅದರ ತಳದಲ್ಲಿ ತೂತುಗಳು, ಒಂದೊಂದು ತೂತಿಗೂ ಒಂದೊಂದು ಬಿದಿರಿನ ಕೊಳವೆ, ಕೊಳವೆಯ ತುದಿ ಇಳಿಯುವುದು ನೆಲ ಸೀಳುವ ಹಲ್ಲಿನ ಹಿಂದೆ. ಎತ್ತು ಎಳೆಯುತ್ತಾ ಹೋದ ಹಾಗೆ ಬಟ್ಟಲಿಗೆ ಬೀಜ ಬಿಡಬೇಕು. ಕೂರಿಗೆಯ ಹಿಂಭಾಗಕ್ಕೆ ಹಗ್ಗದಲ್ಲಿ ಸಡ್ಡೆ ಕಟ್ಟಿರುತ್ತಿದ್ದರು, ಅಂದರೆ ಒಂಟಿ ಕೊಳವೆ. ಅದರಲ್ಲಿ ಅವರೆ ಬಿಡುತ್ತಾ ಬಂದರೆ ಅಕ್ಕಡಿ ಸಾಲೂ, ಅಂದರೆ ರಾಗಿ ನಡುವಿನ ಬೇರೆ ಬೆಳೆಯ ಸಾಲೂ, ಅದೇ ಓಟದಲ್ಲಿ ಮುಗಿಯಿತು. ಸಾಲಾಗಿ ಬಿತ್ತಿದ್ದಕ್ಕೇ ಆಮೇಲೆ ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆಯಲು ಆಗುತ್ತಿದ್ದದ್ದು. ಎರಚಿದ ಹೊಲದಲ್ಲಿ ಕುಂಟೆ ಎಲ್ಲಿ ಹೋಗುತ್ತೆ? ಕಳೆ ಕೂತು ಕೀಳಬೇಕು ಅಷ್ಟೆ.

ಗೇರ್‌ಬಾಕ್ಸ್ ಮೈಸೂರು:
ಸ್ವಲ್ಪ ತಡೀರಿ. "ಮೊದಲು" ಅಂದರೆ ಏನು ಮೊದಲು ಅಂತ ನೋಡಬೇಕು. ಕೊಳವೆಯಲ್ಲಿ ಬೀಜ ಇಳಿಸಿ ಸಾಲಾಗಿ ಬಿತ್ತುವುದು ಟಲ್‌ಗಿಂತ ಎಷ್ಟೋ ಹಳೆಯದು. ಮೆಸಪೊಟೇಮಿಯಾದಲ್ಲೂ ಚೀನಾದಲ್ಲೂ ಕ್ರಿಸ್ತಪೂರ್ವದಲ್ಲೇ ಇತ್ತು, ಹಾಗಾಗಿ ನಾವೇ ಮೊದಲು ಅಂತಲೂ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಟಲ್ ಮಾಡಿದ್ದು ಬೇರೆ. ಗಾಡಿ ಉರುಳಿದಂತೆ ಗೀರು ಕೊರೆದ ಒಂದು ಉರುಳೆ ತಿರುಗಿ, ಬೀಜವನ್ನು ತಾನೇ ಅಳತೆಯಲ್ಲಿ ಕೆಳಗೆ ಬಿಡುತ್ತಿತ್ತು. ಈ ಉಪಾಯ ಹೊಳೆದದ್ದು ಅವನು ನುಡಿಸುತ್ತಿದ್ದ ಆರ್ಗನ್ ವಾದ್ಯದಿಂದಂತೆ, ಮಜಾ ಅಲ್ವಾ! ಕೂರಿಗೆಯಲ್ಲಿ ಆ ಉರುಳೆಯ ಕೆಲಸ ಮಾಡುವುದು ಮನುಷ್ಯರ ಕೈ. ಅವನಿಗೂ ಬೇಕಾಗಿದ್ದದ್ದು ಸಾಲಿನ ನಡುವೆ ಕುದುರೆ ಕಟ್ಟಿ ಕುಂಟೆ ಹೊಡೆಯೋದೇ. ಇನ್ನು ಸಾಕ್ಷಿ ಬೇಕಂದರೆ, ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಕಳಿಸಿದ್ದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿ ಕೂರಿಗೆ ಬಿತ್ತನೆಯ ಬಗ್ಗೆ ಬರೆದಿದ್ದಾನೆ. ಮೇಷ್ಟ್ರಿಗೆ ಅದನ್ನು ತೋರಿಸಲಿ.

ಮುದ್ದೆ ಪ್ರಿಯ:
ಯಂತ್ರ ಬಿಡಿ, ಬೀಜ? ಮಂಡ್ಯದವರು ಚಾರ್ಟ್ ಮಾಡಿ ನಮ್ಮ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್ ಬಿಟ್ಟರೆ ಹೆಂಗೆ ಸ್ವಾಮಿ? ರಾಗಿ ಹೂವು ಎಷ್ಟು ಸಣ್ಣದು ಅಂದರೆ ಕಣ್ಣು ಕಿರಿದು ಮಾಡಿ ನೋಡಬೇಕು, ಸಾಲದ್ದಕ್ಕೆ ಅದು ತನ್ನ ಪರಾಗ ತಾನೇ ಕಟ್ಟಿಕೊಳ್ಳುತ್ತೆ. ಬೇರೆ ತಳಿ ಜೊತೆ ಕೂಡಿಸೋದು ಸುಲಭ ಅಲ್ಲ. ಅಂಥದ್ದರಲ್ಲಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿ ತಂದವರು ಅಲ್ಲಿನ ವಿಜ್ಞಾನಿ ಲಕ್ಷ್ಮಣಯ್ಯನವರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ಇಂಜಿನಿಯರಿಂಗ್ ಅಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಒಂದು ಮುದ್ದೆ ಕಮ್ಮಿ ಬಡಿಸಿ.

ಮದ್ದೂರಿನವನು:
ಎಲ್ಲರಿಗೂ ಥ್ಯಾಂಕ್ಸ್. ಗೇರ್‌ಬಾಕ್ಸ್ ಅವರು ಕೈ ಅಂದರಲ್ಲ, ಅದನ್ನು ಓದಿ ಮಗಳು ಸುಮ್ನೆ ಕೂರಲಿಲ್ಲ. ಅಟ್ಟದಿಂದ ಕೂರಿಗೆ ಇಳಿಸಿದೆವು, ಆರು ಕೊಳವೆಯದು, ಒಂದನ್ನು ಗೆದ್ದಲು ತಿಂದಿತ್ತು, ಅದಕ್ಕೆ ಪೈಪ್ ತುಂಡು ಸಿಕ್ಕಿಸಿದೆವು. ಕೆಳಗೆ ಆರು ಲೋಟ ಇಟ್ಟು ಮಗಳು ರಾಗಿ ಬಿಟ್ಟಳು. ಎರಡು ಲೋಟಕ್ಕೆ ಸುರಿಯಿತು, ಒಂದಕ್ಕೆ ಹತ್ತು ಕಾಳೂ ಬೀಳಲಿಲ್ಲ. ಆಮೇಲೆ ಅಪ್ಪ ಕೂತರು. ಅವರದ್ದೂ ಅಷ್ಟಕ್ಕಷ್ಟೆ! ಆಗ ಗೊತ್ತಾಯಿತು, ಇವರು ಆಯಸ್ಸೆಲ್ಲ ಎತ್ತು ಹೊಡೆದವರು, ಬೀಜ ಬಿಡುತ್ತಿದ್ದವಳು ನಮ್ಮವ್ವ. ಅವ್ವ ಒಳಗಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದು, ಮುಷ್ಟಿಯನ್ನು ಬಟ್ಟಲ ಮೇಲೆ ಆಡಿಸುತ್ತಾ ಬೆರಳ ಸಂದಿಯಲ್ಲಿ ಬಿಟ್ಟಳು. ಆರೂ ಲೋಟದಲ್ಲಿ ಹೆಚ್ಚು ಕಮ್ಮಿ ಒಂದೇ ಮಟ್ಟ. ಚಾರ್ಟಿನಲ್ಲಿ ಟಲ್ ಪಕ್ಕ ಈಗ ಅವ್ವನ ಲೋಟಗಳ ಫೋಟೋ ಇದೆ. ಅಪ್ಪ ಎರಡು ದಿನದಿಂದ ಕೂರಿಗೆ ಮಾತೇ ಎತ್ತಿಲ್ಲ.