ಸಹಾಯ ಬೇಕು: ಮಿಗ್-21 ಮಾದರಿಯ ವಾರ್ನಿಶ್ ಬಿಳಿಚಿಕೊಂಡಿದೆ

ಕಾಸರಗೋಡಿನ ಈ ಜಡಿಮಳೆಯಲ್ಲೇ 1:32 ಅಳತೆಯ ಮಿಗ್-21 ಮಾದರಿಗೆ ಬಣ್ಣ ಹಾಕುತ್ತಿದ್ದೇನೆ. ಭಾರತೀಯ ವಾಯುಪಡೆಯು 2025ರ ಸೆಪ್ಟೆಂಬರಿನಲ್ಲಿ ಬೀಳ್ಕೊಟ್ಟ ಈ ವಿಮಾನದ ಲೋಹದ ಮೆರುಗು ಬರಲೆಂದು, ಹೊಳಪಿನ ಕಪ್ಪು ಬಣ್ಣದ ಮೇಲೆ ಅಲ್ಯೂಮಿನಿಯಂ ಲ್ಯಾಕರನ್ನು (ಥಿನ್ನರಿನಲ್ಲಿ ಕರಗುವ, ಬೇಗ ಆರುವ ಬಣ್ಣ) ಏರ್‌ಬ್ರಷ್‌ನಿಂದ ತೆಳುವಾಗಿ ಸಿಂಪಡಿಸಿದ್ದು ಚೆನ್ನಾಗಿಯೇ ಬಂದಿತ್ತು. ಆದರೆ ಡೆಕಾಲ್ (ಗುರುತು, ಸಂಖ್ಯೆಗಳ ತೆಳು ಅಂಟುಚಿತ್ರ) ಅಂಟಿಸುವ ಮುನ್ನ ಹೊಡೆದ ಲ್ಯಾಕರ್ ವಾರ್ನಿಶ್, ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಹಿಡಿದುದರಿಂದಲೇ ಇರಬೇಕು, ರೆಕ್ಕೆಯ ಬುಡದಲ್ಲಿ ಹಾಲಿನ ಕೆನೆಯಂತೆ ಬಿಳಿಚಿಕೊಂಡಿದೆ. ಕಂಪ್ರೆಸರಿಗೆ ನೀರು ತಡೆಯುವ ಟ್ರ್ಯಾಪ್ ಹಾಕಿಯಾಯಿತು, ಹೇರ್ ಡ್ರೈಯರಿನ ಬಿಸಿಗಾಳಿಯನ್ನು (ಪ್ಲಾಸ್ಟಿಕ್ ಬಾಗೀತೆಂದು ದೂರದಿಂದಲೇ) ಹಿಡಿದದ್ದೂ ಆಯಿತು, ಬಿಳುಪು ಹೋಗಲಿಲ್ಲ. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಅದರ ಮೇಲೆಯೇ ಸಿಂಪಡಿಸಿದರೆ, ಕೆಳಗಿರುವ ಬಣ್ಣವೂ ಲ್ಯಾಕರೇ ಆದ್ದರಿಂದ, ಅಲ್ಯೂಮಿನಿಯಂ ಪದರವೂ ಕದಡಿಹೋಗುವುದೇ? ಅಥವಾ ವಾರ್ನಿಶನ್ನು ಉಜ್ಜಿ ತೆಗೆದು ಆ ಭಾಗಕ್ಕೆ ಮೊದಲಿನಿಂದ ಬಣ್ಣ ಹಾಕುವುದೇ ಮೇಲೇ? ಮಳೆಗಾಲದಲ್ಲಿ ಲ್ಯಾಕರ್ ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.